ರಿಪೋರ್ಟ್ ನಾರ್ಮಲ್, ಆದರೂ ಹುಷಾರಿಲ್ಲ! ರೋಗ ಯಾವುದು, ಬೇನೆ ಯಾವುದು, ಗುಣಪಡಿಸುವವರು ಯಾರು?



ವರ್ತಕ ನಗರ, ಥಾಣೆ, ಕಲ್ಯಾಣ್, ಡೊಂಬಿವಲಿ, ನವಿಮುಂಬಯಿಯ ಕನ್ನಡ ಮನೆಗಳಿಗೆ ತಲುಪುವ ಈ ಆರೋಗ್ಯ ಮಾಲಿಕೆಯಲ್ಲಿ ಸಾಮಾನ್ಯವಾಗಿ ಒಂದೊಂದು ಕಾಯಿಲೆಯ ಬಗ್ಗೆ ತಿಳಿದುಕೊಳ್ಳುತ್ತೇವೆ. ಇವತ್ತು ಎಲ್ಲ ಕಾಯಿಲೆಗಳಿಗೂ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಎತ್ತಿಕೊಳ್ಳೋಣ. ಆರೋಗ್ಯ ಎಂದರೆ ಏನು? ರೋಗ ಎಂದರೆ ಏನು? ರೋಗ ಬಂದಾಗ ನಮ್ಮನ್ನು ಗುಣಪಡಿಸುವವರು ಯಾರು, ಅವರಲ್ಲಿ ಯಾವ ಗುಣಗಳಿರಬೇಕು?

ಇದೆಲ್ಲ ಪುಸ್ತಕದ ಪ್ರಶ್ನೆ ಎಂದು ಬಿಟ್ಟುಬಿಡಬೇಡಿ. “ನೋವಿಲ್ಲ, ಹಾಗಾಗಿ ರೋಗವೂ ಇಲ್ಲ” ಎಂದು ಬಿಪಿ ಮಾತ್ರೆ ನಿಲ್ಲಿಸಿದವರಿಗೆ ಪಾರ್ಶ್ವವಾಯು ಆಗುವುದುಂಟು. “ರಿಪೋರ್ಟ್ ನಾರ್ಮಲ್, ಹಾಗಾಗಿ ನಾಟಕ” ಎಂದು ಮನೆಯವರು ತಳ್ಳಿಹಾಕಿದ ಹೆಣ್ಣುಮಕ್ಕಳು ವರ್ಷಗಟ್ಟಲೆ ಒಳಗೇ ನರಳುವುದುಂಟು. ಎರಡರಲ್ಲೂ ತಪ್ಪಾಗಿರುವುದು ರೋಗವನ್ನು ಅರ್ಥಮಾಡಿಕೊಂಡ ರೀತಿ.

*1. ನಮ್ಮ ಮಾತಿನಲ್ಲಿ ಆರೋಗ್ಯ*

ನಾವು ಕುಶಲ ಕೇಳುವ ರೀತಿಯನ್ನೇ ನೋಡಿ. ಧಾರವಾಡ, ವಿಜಯಪುರ ಕಡೆಯವರು “ಆರಾಮ ಅದೀರೇನ್ರಿ?” ಎನ್ನುತ್ತಾರೆ. ಕರಾವಳಿಯವರು “ಸೌಖ್ಯವೇ?” ಎನ್ನುತ್ತಾರೆ. ಮೈಸೂರು ಕಡೆಯವರು “ಚೆನ್ನಾಗಿದ್ದೀರಾ?” ಎನ್ನುತ್ತಾರೆ. ಮೈ ಸರಿಯಿಲ್ಲದಿದ್ದರೆ “ಯಾಕೋ ಹುಷಾರಿಲ್ಲ” ಎಂದು ಉತ್ತರ ಬರುತ್ತದೆ. ಹುಷಾರು ಎಂಬ ಪದ ಪಾರ್ಸಿಯಿಂದ ಉರ್ದುವಿನ ಮೂಲಕ ನಮ್ಮಲ್ಲಿಗೆ ಬಂದದ್ದು. ಅದರ ಅರ್ಥ ಎಚ್ಚರ, ಚುರುಕು. ಅಂದರೆ ನಮ್ಮ ಜನರ ಲೆಕ್ಕದಲ್ಲಿ ಆರೋಗ್ಯ ಎಂದರೆ ಮೈಯೂ ಮನಸ್ಸೂ ಚುರುಕಾಗಿ ಕೆಲಸಕ್ಕೆ ಒದಗುವುದು.

ಸಂಸ್ಕೃತದಿಂದ ಬಂದ “ಸ್ವಸ್ಥ” ಎಂಬ ಮಾತಿಗೆ ತನ್ನಲ್ಲಿ ತಾನು ನೆಲೆನಿಂತವನು ಎಂಬ ಅರ್ಥ. ಸುಶ್ರುತ ಸಂಹಿತೆಯಲ್ಲಿ ಆರೋಗ್ಯವಂತನ ಲಕ್ಷಣ ಹೇಳುವಾಗ ದೋಷ, ಜಠರಾಗ್ನಿ, ಧಾತು, ಮಲವಿಸರ್ಜನೆ ಎಲ್ಲವೂ ಸಮವಾಗಿರಬೇಕು ಎಂದು ಹೇಳಿ ಅಲ್ಲಿಗೇ ನಿಲ್ಲಿಸುವುದಿಲ್ಲ. ಮನಸ್ಸು, ಇಂದ್ರಿಯ, ಆತ್ಮ ಪ್ರಸನ್ನವಾಗಿರಬೇಕು ಎಂದೂ ಸೇರಿಸಲಾಗಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನ ಜಾರಿಗೆ ಬಂದದ್ದು 1948ರ ಏಪ್ರಿಲ್ 7ರಂದು. ಅದಕ್ಕಾಗಿಯೇ ಆ ದಿನ ವಿಶ್ವ ಆರೋಗ್ಯ ದಿನ. ಆ ಸಂವಿಧಾನದ ಪ್ರಕಾರ ರೋಗ ಇಲ್ಲದಿರುವುದಷ್ಟೇ ಆರೋಗ್ಯವಲ್ಲ. ದೇಹ, ಮನಸ್ಸು, ಸಾಮಾಜಿಕ ಬದುಕು ಮೂರೂ ಪೂರ್ತಿ ಕ್ಷೇಮವಾಗಿರಬೇಕು. ಕೇಳಲು ಚೆಂದ. ಆದರೆ ಮೂರೂ ಪೂರ್ತಿ ಕ್ಷೇಮವಾಗಿರುವವರು ನಮ್ಮಲ್ಲಿ ಎಷ್ಟು ಜನ? ಎಪ್ಪತ್ತು ದಾಟಿ, ಶುಗರ್ ಮಾತ್ರೆ ತೆಗೆದುಕೊಳ್ಳುತ್ತಾ, ಮಂಡಿನೋವಿದ್ದರೂ ಬೆಳಿಗ್ಗೆ ಉಪವನ ಕೆರೆಯ ಸುತ್ತ ನಡೆದು, ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ಅಜ್ಜ ರೋಗಿಯೋ ಆರೋಗ್ಯವಂತರೋ?

ಇದೇ ತಕರಾರಿನಿಂದ 2011ರಲ್ಲಿ ನೆದರ್‌ಲೆಂಡ್ಸ್‌ನ ವೈದ್ಯೆ ಮಾಚ್‌ಟೆಲ್ಡ್ ಹ್ಯೂಬರ್ ಮತ್ತು ಸಂಗಡಿಗರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬೇರೊಂದು ವಿವರಣೆ ಮುಂದಿಟ್ಟರು. ಬದುಕಿನಲ್ಲಿ ಬರುವ ತೊಂದರೆಗಳಿಗೆ ಹೊಂದಿಕೊಂಡು ತನ್ನನ್ನು ತಾನು ನೋಡಿಕೊಳ್ಳುವ ಶಕ್ತಿಯೇ ಆರೋಗ್ಯ ಎಂಬುದು ಅದರ ಸಾರ. ಈ ಲೆಕ್ಕದಲ್ಲಿ ಆ ಅಜ್ಜ ಆರೋಗ್ಯವಂತರೇ. ರೋಗ ಇದೆ, ಆದರೆ ಅವರು ಹುಷಾರಾಗಿದ್ದಾರೆ.

*2. ರೋಗ ಬೇರೆ, ಬೇನೆ ಬೇರೆ*

ಕನ್ನಡದಲ್ಲಿ ಎರಡು ಒಳ್ಳೆಯ ಪದಗಳಿವೆ. ದೇಹದೊಳಗೆ ಏನೋ ಕೆಟ್ಟಿದೆ ಎನ್ನುವುದು *ರೋಗ*. ನಮಗೆ ಆಗುವ ಯಾತನೆ *ಬೇನೆ*; ಇದು ವೇದನೆಯ ತದ್ಭವ. ಡಾಕ್ಟರರು ರೋಗ ಹುಡುಕುತ್ತಾರೆ, ನಾವು ಬೇನೆ ಹೊತ್ತುಕೊಂಡು ಹೋಗುತ್ತೇವೆ. ಎರಡೂ ಒಟ್ಟಿಗಿದ್ದರೆ ತೊಂದರೆಯಿಲ್ಲ. ಕಾಲು ಮುರಿದಿದೆ, ನೋಯುತ್ತಿದೆ, ಎಕ್ಸ್‌ರೇಯಲ್ಲೂ ಕಾಣುತ್ತಿದೆ. ಎರಡೂ ಬೇರೆ ಬೇರೆಯಾದಾಗ ನಾವು ಎಡವುತ್ತೇವೆ.

*ಅ) ರೋಗ ಇದೆ, ಬೇನೆ ಇಲ್ಲ.* ಅಧಿಕ ರಕ್ತದೊತ್ತಡ ಇದರ ದೊಡ್ಡ ಉದಾಹರಣೆ. 140/90 ಅಥವಾ ಅದಕ್ಕಿಂತ ಮೇಲಿದ್ದರೂ ಹೆಚ್ಚಿನವರಿಗೆ ತಲೆನೋವೂ ಇರುವುದಿಲ್ಲ. ಅಷ್ಟರಲ್ಲಿ ಮಿದುಳು, ಹೃದಯ, ಕಿಡ್ನಿ, ಕಣ್ಣಿನ ರಕ್ತನಾಳಗಳು ಸವೆಯುತ್ತಿರುತ್ತವೆ. ಸಕ್ಕರೆ ಕಾಯಿಲೆಯೂ ಹಾಗೆಯೇ. ಬರಿಹೊಟ್ಟೆಯಲ್ಲಿ 126 ಅಥವಾ ಹೆಚ್ಚು, ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ 6.5 ಅಥವಾ ಹೆಚ್ಚು ಬಂದು, ಮರುಪರೀಕ್ಷೆಯಲ್ಲೂ ಅದು ಖಚಿತವಾದರೆ ಸಕ್ಕರೆ ಕಾಯಿಲೆ ಎನ್ನುತ್ತಾರೆ. ಮೈಗೆ ಏನೂ ಅನ್ನಿಸದಿರಬಹುದು. “ಈಗ ಬಿಪಿ ನಾರ್ಮಲ್ ಬಂತು, ಮಾತ್ರೆ ಯಾಕೆ?” ಎಂದು ಕೇಳುವವರು ಒಂದು ಮಾತು ನೆನಪಿಡಿ: ನಾರ್ಮಲ್ ಬಂದದ್ದು ಮಾತ್ರೆಯಿಂದ. ನಿಲ್ಲಿಸುವುದಿದ್ದರೆ, ಕಡಿಮೆ ಮಾಡುವುದಿದ್ದರೆ ವೈದ್ಯರನ್ನು ಕೇಳಿಯೇ ಮಾಡಿ.

*ಆ) ಬೇನೆ ಇದೆ, ರೋಗ ಕಾಣುತ್ತಿಲ್ಲ.* ತಲೆ ಭಾರ, ನಿದ್ದೆ ಇಲ್ಲ, ಎದೆ ಡವಡವ, ಹೊಟ್ಟೆಯಲ್ಲಿ ಏನೋ ಕಸಿವಿಸಿ. ರಕ್ತ ಪರೀಕ್ಷೆ, ಇಸಿಜಿ, ಸೋನೋಗ್ರಫಿ ಎಲ್ಲವೂ ಸರಿಯಾಗಿದೆ. ಆಗ ಮನೆಯವರು “ಏನೂ ಇಲ್ಲ” ಎನ್ನುತ್ತಾರೆ. ಏನೂ ಇಲ್ಲ ಎನ್ನುವುದು ತಪ್ಪು. ಆ ಪರೀಕ್ಷೆಗಳು ಹುಡುಕುವ ರೋಗ ಸಿಕ್ಕಿಲ್ಲ, ಅಷ್ಟೇ. ಚಿಂತೆ, ಖಿನ್ನತೆ, ಒಂಟಿತನ ರಕ್ತದ ಬಾಟಲಿಯಲ್ಲಿ ಕಾಣುವುದಿಲ್ಲ. ಊರು ಬಿಟ್ಟು ಮಗನ ಫ್ಲ್ಯಾಟಿಗೆ ಬಂದು, ಅಕ್ಕಪಕ್ಕದವರ ಭಾಷೆ ಬಾರದೆ ಹಗಲಿಡೀ ಒಬ್ಬರೇ ಕೂರುವ ತಾಯಂದಿರಲ್ಲಿ ಇದು ಅಪರೂಪವಲ್ಲ. ಇಂಥವರಿಗೆ ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416. 2022ರಲ್ಲಿ ಆರಂಭವಾದ ಈ ಸೇವೆ ಉಚಿತ, ಕನ್ನಡದಲ್ಲೂ ಮಾತಾಡಬಹುದು.

*ಇ) ಬೇನೆ ಇಳಿಯಿತು, ಅಪಾಯ ಇಳಿದಿಲ್ಲ.* ಮಳೆಗಾಲದಲ್ಲಿ ನಮ್ಮ ಥಾಣೆ ಪರಿಸರದಲ್ಲಿ ಡೆಂಗಿ ಹೊಸದಲ್ಲ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ, ಅಂದರೆ ಸುಮಾರು ಮೂರರಿಂದ ಏಳನೆಯ ದಿನದೊಳಗೆ, ಅಪಾಯ ಶುರುವಾಗುವ ಹೊತ್ತು. ಜ್ವರ ಬಿಟ್ಟಿತೆಂದು ಕೆಲಸಕ್ಕೆ ಹೊರಡುವವರು ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ತೀರಾ ಸುಸ್ತು, ಮಂಪರು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಡೆಂಗಿ ಶಂಕೆ ಇದ್ದಾಗ ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳನ್ನು ಸ್ವಂತವಾಗಿ ನುಂಗಬಾರದು, ರಕ್ತಸ್ರಾವ ಹೆಚ್ಚಬಹುದು.

ಇನ್ನೊಂದು ವಿಷಯ. ರೋಗದ ಗೆರೆ ಎಲ್ಲಿ ಎಳೆಯಬೇಕು ಎನ್ನುವುದನ್ನು ತಜ್ಞರು ಆಗಾಗ ಬದಲಿಸುತ್ತಾರೆ. 2017ರಲ್ಲಿ ಅಮೆರಿಕದ ಹೃದ್ರೋಗ ಸಂಘಟನೆಗಳು ಅಧಿಕ ರಕ್ತದೊತ್ತಡದ ಗೆರೆಯನ್ನು 140/90ರಿಂದ 130/80ಕ್ಕೆ ಇಳಿಸಿದವು. ಅದುವರೆಗೆ ಆರೋಗ್ಯವಂತರ ಪಟ್ಟಿಯಲ್ಲಿದ್ದ ಕೋಟ್ಯಂತರ ಜನ ಅಲ್ಲಿ ರೋಗಿಗಳ ಪಟ್ಟಿಗೆ ಬಂದರು. ಅವರ ಮೈಯಲ್ಲಿ ಆ ದಿನ ಹೊಸದಾಗಿ ಏನೂ ಆಗಿರಲಿಲ್ಲ. ಹಾಗಂತ ಅಂಕಿಗಳು ಸುಳ್ಳಲ್ಲ. ಅಂಕಿಗೆ ಅರ್ಥ ಬರುವುದು ನಿಮ್ಮ ವಯಸ್ಸು, ಮನೆತನದ ಕಾಯಿಲೆಗಳು, ಇತರ ತೊಂದರೆ ಎಲ್ಲವನ್ನೂ ಕೂಡಿಸಿ ನೋಡಿದಾಗ. ಹಾಗೆ ಕೂಡಿಸಿ ನೋಡುವವರೇ ವೈದ್ಯರು.

*3. ಚಿಕಿತ್ಸೆಗೆ ನಾಲ್ಕು ಕಾಲು*

ಸುಮಾರು ಎರಡು ಸಾವಿರ ವರ್ಷ ಹಳೆಯದಾದ ಚರಕ ಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಒಂದು ಸೊಗಸಾದ ವಿಚಾರವಿದೆ. ಚಿಕಿತ್ಸೆ ನಾಲ್ಕು ಕಾಲಿನ ಮೇಲೆ ನಿಂತಿದೆ: ವೈದ್ಯ, ಔಷಧ, ಆರೈಕೆ ಮಾಡುವವರು, ರೋಗಿ. ಪ್ರತಿಯೊಬ್ಬರಿಗೂ ನಾಲ್ಕು ಗುಣ, ಒಟ್ಟು ಹದಿನಾರು. ಮಂಚದ ಒಂದು ಕಾಲು ಗಿಡ್ಡವಾದರೆ ಮಲಗಿದವರಿಗೆ ನೆಮ್ಮದಿ ಇಲ್ಲ, ಚಿಕಿತ್ಸೆಯೂ ಹಾಗೆಯೇ. ಆಯುರ್ವೇದವಿರಲಿ, ಅಲೋಪತಿ ಇರಲಿ, ಈ ಲೆಕ್ಕ ಎರಡಕ್ಕೂ ಹೊಂದುತ್ತದೆ. ಒಂದೊಂದಾಗಿ ನೋಡೋಣ.

*ಮೊದಲ ಕಾಲು: ವೈದ್ಯ*

ವೈದ್ಯರ ನಾಲ್ಕು ಗುಣಗಳು: ಶಾಸ್ತ್ರದ ಸ್ಪಷ್ಟ ತಿಳಿವಳಿಕೆ, ಬಹಳ ರೋಗಿಗಳನ್ನು ಕಣ್ಣಾರೆ ನೋಡಿದ ಅನುಭವ, ಕೆಲಸದಲ್ಲಿ ದಕ್ಷತೆ, ಶುಚಿತ್ವ. ಅಂದರೆ ಓದು ಇದ್ದು ಅನುಭವವಿಲ್ಲದಿದ್ದರೆ ಸಾಲದು, ಅನುಭವವಿದ್ದು ಓದಿಲ್ಲದಿದ್ದರೂ ಸಾಲದು.

ಇದಕ್ಕೆ ನಮ್ಮ ಹತ್ತಿರದ ಉದಾಹರಣೆ ಡಾ. ಹಿಮ್ಮತ್‌ರಾವ್ ಬಾವಸ್ಕರ್. ಪನ್ವೇಲ್‌ನಿಂದ ಗೋವಾ, ಹೊನ್ನಾವರ, ಉಡುಪಿ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಮಹಾಡ್ ಇವರ ಕಾರ್ಯಕ್ಷೇತ್ರ. ಕೊಂಕಣದ ಕೆಂಪು ಚೇಳು ಕಡಿದರೆ, ಅದರಲ್ಲೂ ಮಕ್ಕಳಿಗೆ, ರಕ್ತದೊತ್ತಡ ಒಮ್ಮೆಲೇ ಏರಿ, ಹೃದಯ ಸೋತು, ಶ್ವಾಸಕೋಶದಲ್ಲಿ ನೀರು ತುಂಬಿ ಸಾವು ಬರುತ್ತಿತ್ತು. ಈ ಹಳ್ಳಿಯ ವೈದ್ಯರು ಕಡಿಸಿಕೊಂಡವರ ಹಾಸಿಗೆಯ ಪಕ್ಕದಲ್ಲೇ ಕೂತು ಏನೇನಾಗುತ್ತದೆ ಎಂದು ಬರೆದಿಟ್ಟುಕೊಂಡರು. ರಕ್ತದೊತ್ತಡಕ್ಕೆ ಕೊಡುತ್ತಿದ್ದ ಪ್ರಜೋಸಿನ್ ಎಂಬ ಅಗ್ಗದ ಮಾತ್ರೆ ಇದಕ್ಕೆ ಕೆಲಸ ಮಾಡುತ್ತದೆ ಎಂದು ಕಂಡುಕೊಂಡರು. 1980ರ ದಶಕದಲ್ಲಿ ಅವರ ಬರಹಗಳು ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದವು. ಚೇಳು ಕಡಿತದಿಂದ ಸಾಯುವವರ ಸಂಖ್ಯೆ ಗಣನೀಯವಾಗಿ ಇಳಿಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರು ಮಾಡಿದ್ದು ಓದಿದ್ದನ್ನು ರೋಗಿಯ ಪಕ್ಕದಲ್ಲಿ ಕೂತು ಪರೀಕ್ಷಿಸಿ ನೋಡಿದ್ದು.

ನಾಲ್ಕನೆಯ ಗುಣವಾದ ಶುಚಿತ್ವವನ್ನು ಸಣ್ಣದೆಂದು ತಿಳಿಯಬೇಡಿ. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯರು, ಹೆರಿಗೆ ಮಾಡಿಸುವ ಮುಂಚೆ ಎಲ್ಲ ವೈದ್ಯರೂ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಬೇಕೆಂದು ಕಟ್ಟುನಿಟ್ಟು ಮಾಡಿದ ಮೇಲೆ ಬಾಣಂತಿಯರ ಸಾವು ಬಹಳ ಕಡಿಮೆಯಾಯಿತು. ರೋಗಾಣುಗಳ ವಿಷಯ ಜಗತ್ತಿಗೆ ಸರಿಯಾಗಿ ತಿಳಿಯುವ ಮೊದಲಿನ ಮಾತಿದು.

ಚರಕ ಸಂಹಿತೆ ವೈದ್ಯರ ಮನೋಭಾವವನ್ನೂ ಹೇಳುತ್ತದೆ. ಎಲ್ಲರಲ್ಲಿ ಸ್ನೇಹ, ನರಳುವವರಲ್ಲಿ ಕರುಣೆ, ಗುಣವಾಗಬಲ್ಲವರಿಗೆ ಚಿಕಿತ್ಸೆ ಮಾಡುವಾಗ ಪ್ರೀತಿ, ಸಾವಿನ ಹಾದಿಯಲ್ಲಿರುವವರ ವಿಷಯದಲ್ಲಿ ಸಮಚಿತ್ತ. ಅದೇ ಗ್ರಂಥದ ಇನ್ನೊಂದೆಡೆ ವೈದ್ಯರಲ್ಲಿ ಎರಡು ಬಗೆ ಎನ್ನುತ್ತದೆ: ರೋಗವನ್ನು ಓಡಿಸಿ ಪ್ರಾಣ ಉಳಿಸುವವರು ಒಂದು ಬಗೆ, ಪ್ರಾಣವನ್ನು ಓಡಿಸಿ ರೋಗ ಉಳಿಸುವವರು ಇನ್ನೊಂದು. ಎರಡನೆಯವರು ವೈದ್ಯರ ವೇಷ ಹಾಕಿಕೊಂಡು ಊರೂರು ಸುತ್ತುತ್ತಾರೆ, ಕಾಯಿಲೆ ಇರುವ ಮನೆ ಎಲ್ಲಿದೆ ಎಂದು ಕಿವಿಗೊಟ್ಟು ಕಾಯುತ್ತಾರೆ ಎಂಬ ಎಚ್ಚರಿಕೆಯೂ ಅಲ್ಲಿದೆ. ಇಂದು ಆ ವೇಷಧಾರಿಗಳು ಊರೂರು ಸುತ್ತಬೇಕಿಲ್ಲ, ನಮ್ಮ ಮೊಬೈಲಿಗೇ ಬರುತ್ತಾರೆ.

ಒಳ್ಳೆಯ ವೈದ್ಯರನ್ನು ಗುರುತಿಸುವುದು ಹೇಗೆ?
- ಚೀಟಿಯಲ್ಲಿ ಹೆಸರು, ಪದವಿ, ನೋಂದಣಿ ಸಂಖ್ಯೆ ಇರುತ್ತದೆ. ನೋಂದಣಿ ಸಂಖ್ಯೆಯನ್ನು ತೋರಿಸಬೇಕೆಂಬುದು 2002ರ ವೈದ್ಯಕೀಯ ನೀತಿ ನಿಯಮಗಳಲ್ಲೇ ಇದೆ.
- ನಿಮ್ಮ ಮಾತು ಕೇಳುತ್ತಾರೆ, ಮುಟ್ಟಿ ಪರೀಕ್ಷಿಸುತ್ತಾರೆ, ಆಮೇಲೆ ಬರೆಯುತ್ತಾರೆ.
- ಪರೀಕ್ಷೆ ಏಕೆ ಬೇಕು ಎಂದು ಕೇಳಿದರೆ ಸಿಟ್ಟಾಗದೆ ಹೇಳುತ್ತಾರೆ.
- ತಮಗೆ ಮೀರಿದ್ದನ್ನು “ಇದಕ್ಕೆ ಬೇರೆಯವರ ಹತ್ತಿರ ಹೋಗಿ” ಎಂದು ಕಳುಹಿಸುತ್ತಾರೆ.
- ನಿಮ್ಮ ಗುಟ್ಟನ್ನು ಗುಟ್ಟಾಗಿಯೇ ಇಡುತ್ತಾರೆ.

“ನೂರಕ್ಕೆ ನೂರು ಗ್ಯಾರಂಟಿ”, “ಹದಿನೈದು ದಿನದಲ್ಲಿ ಶುಗರ್ ಮಾಯ, ಇನ್ಸುಲಿನ್ ಬಿಸಾಡಿ” ಎನ್ನುವವರಿಂದ ದೂರವಿರಿ.

*ಎರಡನೆಯ ಕಾಲು: ಔಷಧ*

ಔಷಧ ಬೇಕಾದಷ್ಟು ಸಿಗುವಂತಿರಬೇಕು, ರೋಗಕ್ಕೆ ಹೊಂದಬೇಕು, ಬೇರೆ ಬೇರೆ ರೂಪದಲ್ಲಿ ಕೊಡಲು ಬರಬೇಕು, ಕೆಡದೆ ಗುಣಮಟ್ಟದಿಂದಿರಬೇಕು. ಹಳೆಯ ಮಾತಾದರೂ ಇಂದಿಗೂ ಅಷ್ಟೇ ನಿಜ. ಕೊಳ್ಳಲಾಗದಷ್ಟು ದುಬಾರಿ ಔಷಧವನ್ನು ಅರ್ಧಕ್ಕೆ ನಿಲ್ಲಿಸುವುದಕ್ಕಿಂತ “ಇದರದೇ ಕಡಿಮೆ ಬೆಲೆಯ ಜನೌಷಧಿ ಇದೆಯೇ?” ಎಂದು ವೈದ್ಯರನ್ನು ಕೇಳುವುದು ಮೇಲು. ಅದರಲ್ಲಿ ನಾಚಿಕೆ ಇಲ್ಲ.

ಕ್ಷಯರೋಗದ ಔಷಧ ಸರಕಾರದಿಂದ ಉಚಿತ. ರೋಗಿಯ ಊಟಕ್ಕೆಂದು ಕೊಡುವ ಸಹಾಯಧನ 2024ರ ನವೆಂಬರ್‌ನಿಂದ ತಿಂಗಳಿಗೆ 500ರಿಂದ 1000 ರೂಪಾಯಿಗೆ ಏರಿದೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಎರಡು ತಿಂಗಳಲ್ಲಿ ಕೆಮ್ಮು ನಿಂತು ತೂಕ ಏರಿದಾಗ ಅನೇಕರು ಬಿಟ್ಟುಬಿಡುತ್ತಾರೆ. ಬೇನೆ ಹೋಗಿರುತ್ತದೆ, ರೋಗ ಉಳಿದಿರುತ್ತದೆ. ಹಾಗೆ ಉಳಿದ ರೋಗಾಣು ಔಷಧಕ್ಕೆ ಬಗ್ಗದ ರೋಗಾಣುವಾಗಬಹುದು.

*ಮೂರನೆಯ ಕಾಲು: ಆರೈಕೆ ಮಾಡುವವರು*

ಇವರ ಗುಣಗಳು: ಉಪಚಾರ ಮಾಡುವುದು ಹೇಗೆಂದು ತಿಳಿದಿರಬೇಕು, ಚುರುಕಾಗಿರಬೇಕು, ರೋಗಿಯ ಮೇಲೆ ಪ್ರೀತಿ ಇರಬೇಕು, ಶುಚಿಯಾಗಿರಬೇಕು. ಗಮನಿಸಿ, ಆರೈಕೆಗೂ ತಿಳಿವಳಿಕೆ ಬೇಕೆಂದು ಆಗಲೇ ಹೇಳಿದ್ದಾರೆ. ಪ್ರೀತಿಯೊಂದೇ ಸಾಲದು.

ಈ ಮಾತು ಬಂದಾಗ ನಮ್ಮ ನಾಡಿನ ಒಬ್ಬ ಹೆಣ್ಣುಮಗಳನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಉತ್ತರ ಕನ್ನಡ ಜಿಲ್ಲೆ ಹೊನ್ನಾವರ ತಾಲೂಕಿನ ಹಳದೀಪುರದ ಅರುಣಾ ಶಾನಭಾಗ ನರ್ಸ್ ಆಗಿ ಮುಂಬಯಿಗೆ ಬಂದವರು, ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದರು. 1973ರ ನವೆಂಬರ್ 27ರಂದು ಆಸ್ಪತ್ರೆಯ ಒಬ್ಬ ಕೆಲಸಗಾರ ಅವರ ಮೇಲೆ ಕ್ರೂರವಾಗಿ ಹಲ್ಲೆ ಮಾಡಿದ. ಮಿದುಳಿಗೆ ರಕ್ತ, ಆಮ್ಲಜನಕ ನಿಂತು ಅವರು ಮತ್ತೆ ಏಳಲಿಲ್ಲ. ಮಾತಿಲ್ಲ, ದೃಷ್ಟಿ ಇಲ್ಲ, ನಡೆಯಲು ಶಕ್ತಿಯಿಲ್ಲ. ಅವರನ್ನು ಗುಣಪಡಿಸುವ ಔಷಧ ಜಗತ್ತಿನಲ್ಲಿ ಇರಲಿಲ್ಲ.

ಆಗ ಕೆಇಎಂನ ನರ್ಸ್‌ಗಳು ಏನು ಮಾಡಿದರು? ತಮ್ಮ ಸಹೋದ್ಯೋಗಿಯನ್ನು ತಾವೇ ನೋಡಿಕೊಂಡರು. 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಳ್ಳುವವರೆಗೆ, ಅಂದರೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ. ಒಂದು ತಲೆಮಾರಿನ ನರ್ಸ್‌ಗಳು ನಿವೃತ್ತರಾದರು, ಮುಂದಿನ ತಲೆಮಾರು ಬಂತು, ಅರುಣಾರನ್ನು ಕಣ್ಣು ತೆರೆದು ನಡೆದಾಡಿದ್ದನ್ನು ಎಂದೂ ನೋಡದವರೂ ಅವರಿಗೆ ಸ್ನಾನ ಮಾಡಿಸಿ ಊಟ ಮಾಡಿಸಿದರು. ಇಷ್ಟು ವರ್ಷ ಹಾಸಿಗೆ ಹಿಡಿದರೂ ಮೈಮೇಲೆ ಹಾಸಿಗೆ ಹುಣ್ಣು ಆಗಿರಲಿಲ್ಲ ಎಂಬ ವಿವರ ಸುಪ್ರೀಂ ಕೋರ್ಟಿನ ಮುಂದೆ ಬಂತು. ಆರೈಕೆ ಗೊತ್ತಿರುವವರಿಗೆ ಇದು ಎಷ್ಟು ದೊಡ್ಡ ಮಾತೆಂದು ತಿಳಿಯುತ್ತದೆ. ಅವರಿಗೆ ಶಾಂತವಾಗಿ ಸಾಯಲು ಬಿಡಬೇಕೆಂಬ ಅರ್ಜಿಯನ್ನು 2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟು ತಳ್ಳಿಹಾಕಿತು, ಆಸ್ಪತ್ರೆಯವರ ಸೇವೆಯನ್ನು ಕೊಂಡಾಡಿತು. ಅದೇ ತೀರ್ಪಿನಲ್ಲಿ, ಗುಣವಾಗುವ ಆಸೆಯೇ ಇಲ್ಲದ ರೋಗಿಗೆ ಜೀವ ಉಳಿಸುವ ಯಂತ್ರ, ಚಿಕಿತ್ಸೆಗಳನ್ನು ಕಟ್ಟುನಿಟ್ಟಿನ ಷರತ್ತಿನಡಿ ನಿಲ್ಲಿಸಲು ಮೊದಲ ಬಾರಿಗೆ ದಾರಿಯನ್ನೂ ತೆರೆಯಿತು. ಯಾವುದು ಸರಿ ಎಂಬ ಬಗ್ಗೆ ಇಂದಿಗೂ ಬೇರೆ ಬೇರೆ ಅಭಿಪ್ರಾಯಗಳಿವೆ. ಆದರೆ ಒಂದು ಮಾತಿನಲ್ಲಿ ಅನುಮಾನವಿಲ್ಲ: *ಗುಣಪಡಿಸಲು ಆಗದಿರುವಾಗಲೂ ಆರೈಕೆ ಮಾಡಲು ಆಗುತ್ತದೆ.*

ನಿಮ್ಮ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ಇಷ್ಟು ಮಾಡಿ:
- ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಹಿಮ್ಮಡಿ, ಸೊಂಟ, ಬೆನ್ನಿನ ಕೆಳತುದಿ, ಮೊಣಕೈ ದಿನವೂ ನೋಡಿ. ಕೆಂಪಾಗಿ ಹಾಗೆಯೇ ಉಳಿದರೆ ಅದು ಹುಣ್ಣಿನ ಮೊದಲ ಹೆಜ್ಜೆ.
- ಒದ್ದೆ ಬಟ್ಟೆ, ಒದ್ದೆ ಡೈಪರ್ ತಕ್ಷಣ ಬದಲಿಸಿ. ನಮ್ಮ ಊರಿನ ಸೆಕೆಯಲ್ಲಿ ಬೆವರೂ ಶತ್ರುವೇ.
- ಮಲಗಿಸಿಕೊಂಡು ಉಣಿಸಬೇಡಿ; ಎದ್ದು ಕೂತಂತೆ ಒರಗಿಸಿ ಉಣಿಸಿ. ಅನ್ನ ಶ್ವಾಸನಾಳಕ್ಕೆ ಹೋದರೆ ನ್ಯುಮೋನಿಯಾ ಆಗುತ್ತದೆ.
- ಅವರ ಜತೆ ಮಾತಾಡಿ. ಉತ್ತರ ಬರದಿದ್ದರೂ ಮಾತಾಡಿ.
- ಆರೈಕೆ ಮಾಡುವ ಸೊಸೆಗೆ, ಮಗಳಿಗೆ, ಹೆಂಡತಿಗೆ ವಾರಕ್ಕೆ ಅರ್ಧ ದಿನವಾದರೂ ಬಿಡುವು ಕೊಡಿ. ಅವರೂ ಮನುಷ್ಯರು.

*ನಾಲ್ಕನೆಯ ಕಾಲು: ರೋಗಿ*

ಇಲ್ಲಿ ನಮ್ಮ ಸರದಿ. ರೋಗಿಗೂ ನಾಲ್ಕು ಗುಣ ಬೇಕು: ನೆನಪು, ಹೇಳಿದಂತೆ ನಡೆಯುವುದು, ಹೆದರದಿರುವುದು, ತನ್ನ ಬೇನೆಯನ್ನು ಸರಿಯಾಗಿ ತಿಳಿಸಬಲ್ಲ ಶಕ್ತಿ. ಮೊದಲ ಮೂರೂ ಊರಿನಲ್ಲೂ ಇಲ್ಲಿಯೂ ಒಂದೇ. ನಾಲ್ಕನೆಯದು ಊರು ಬಿಟ್ಟು ಬಂದ ನಮಗೆ ಕಷ್ಟ.

ಮನೆಯಲ್ಲಿ ಕನ್ನಡ ಅಥವಾ ತುಳು, ಡಾಕ್ಟರರ ಹತ್ತಿರ ಮರಾಠಿ ಅಥವಾ ಹಿಂದಿ. ನಾವು “ಎದೆಯಲ್ಲಿ ಸಂಕಟ” ಎನ್ನುತ್ತೇವೆ, ಮರಾಠಿಯಲ್ಲಿ ಸಂಕಟ ಎಂದರೆ ಆಪತ್ತು. “ಹೊಟ್ಟೆ ಉರಿ” ಎಂದರೆ ನಮ್ಮಲ್ಲೇ ಎರಡು ಅರ್ಥ. ಎಲ್ಲದಕ್ಕೂ “ಗ್ಯಾಸ್ಟ್ರಿಕ್” ಎನ್ನುವುದಂತೂ ದೊಡ್ಡ ಅಪಾಯ. ಗ್ಯಾಸ್ಟ್ರಿಕ್ ಎಂದು ನೀವೇ ತೀರ್ಮಾನ ಹೇಳಿಬಿಟ್ಟರೆ ಕೇಳುವವರು ಆಸಿಡಿಟಿ ಮಾತ್ರೆ ಬರೆದಾರು. ಹೃದಯಾಘಾತ ಅನೇಕ ಸಲ ಎದೆ ಉರಿ, ಹೊಟ್ಟೆ ಉಬ್ಬರದಂತೆಯೇ ಕಾಣಿಸಿಕೊಳ್ಳುತ್ತದೆ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಎದೆನೋವೇ ಇಲ್ಲದೆ ಬರಿ ಸುಸ್ತು, ಬೆವರು, ಏದುಸಿರು ಇರಬಹುದು.

ಹಾಗಾಗಿ ರೋಗದ ಹೆಸರು ಹೇಳಬೇಡಿ, ಬೇನೆಯನ್ನು ಹೇಳಿ. ಈ ಕೆಲವು ಮರಾಠಿ ಮಾತುಗಳು ನೆನಪಿರಲಿ:
- ತಲೆಸುತ್ತು: ಚಕ್ಕರ್
- ಓಕರಿಕೆ: ಮಳಮಳ
- ವಾಂತಿ: ಉಲ್ಟಿ
- ಭೇದಿ: ಜುಲಾಬ್
- ಎದೆ ಉರಿ: ಛಾತೀತ್ ಜಳಜಳ್
- ಎದೆ ಡವಡವ: ಧಡಧಡ್
- ಏದುಸಿರು: ದಮ್ ಲಾಗತೋ
- ಕೈಕಾಲು ಜೋಮು: ಮುಂಗ್ಯಾ ಯೇತಾತ್
- ಸೊಂಟನೋವು: ಕಂಬರ್ ದುಖತೇ
- ಮೂತ್ರ ಉರಿ: ಲಘವೀಲಾ ಜಳಜಳ್

ಡಾಕ್ಟರರ ಹತ್ತಿರ ಹೋಗುವ ಮುನ್ನ ಒಂದು ಚೀಟಿ ಬರೆದಿಟ್ಟುಕೊಳ್ಳಿ. ಪಾಲಿಕೆಯ ಆಸ್ಪತ್ರೆಗಳ ಓಪಿಡಿಯಲ್ಲಿ ಸಾಲು ಉದ್ದ, ಒಬ್ಬೊಬ್ಬರಿಗೆ ಸಿಗುವ ಹೊತ್ತು ಕಡಿಮೆ. ಚೀಟಿ ಇದ್ದರೆ ಆ ಸ್ವಲ್ಪ ಹೊತ್ತೂ ಸಾರ್ಥಕ. ಅದರಲ್ಲಿ ಆರು ವಿಷಯ ಇರಲಿ:
1. ಬೇನೆ ಏನು, ಎಲ್ಲಿ, ಎಂದಿನಿಂದ?
2. ಯಾವಾಗ ಹೆಚ್ಚುತ್ತದೆ, ಯಾವಾಗ ಕಡಿಮೆಯಾಗುತ್ತದೆ?
3. ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಗಳು. ಊರಿನಿಂದ ತಂದ ಕಷಾಯ, ಲೇಹ್ಯ, ಪುಡಿಗಳೂ ಸೇರಿ.
4. ಯಾವ ಔಷಧ ಒಗ್ಗುವುದಿಲ್ಲ?
5. ತಂದೆ ತಾಯಿ, ಒಡಹುಟ್ಟಿದವರಿಗೆ ಇರುವ ದೊಡ್ಡ ಕಾಯಿಲೆಗಳು.
6. ನೀವು ಕೇಳಬೇಕೆಂದಿರುವ ಎರಡು ಪ್ರಶ್ನೆ.

ಮೂರನೆಯದನ್ನು ಮುಚ್ಚಿಡಬೇಡಿ. ಬೈದಾರು ಎಂಬ ಹೆದರಿಕೆಯಿಂದ ನಾಟಿ ಔಷಧದ ವಿಷಯ ಹೇಳದೆ ಹೋಗುವುದು ನಮ್ಮಲ್ಲಿ ಬಹಳ. ಸೇದುವುದು, ಕುಡಿಯುವುದು, ಮಾತ್ರೆ ತಪ್ಪಿಸಿದ್ದು ಎಲ್ಲವನ್ನೂ ಹೇಳಿ. ವೈದ್ಯರ ಮುಂದೆ ಸುಳ್ಳು ಹೇಳಿದರೆ ನಷ್ಟ ನಮಗೇ.

ಮನೆಯಲ್ಲಿ ಬಿಪಿ ನೋಡುವವರು ಐದು ನಿಮಿಷ ಸುಮ್ಮನೆ ಕೂತು, ಬೆನ್ನು ಒರಗಿಸಿ, ಕಾಲು ನೆಲಕ್ಕೆ ಊರಿ ನೋಡಿ. ಅರ್ಧ ಗಂಟೆ ಮುಂಚೆ ಚಹಾ, ಕಾಫಿ ಬೇಡ. ದಿನಾಂಕದ ಜತೆ ಬರೆದಿಡಿ. ಆಸ್ಪತ್ರೆಯಲ್ಲಿ ದಾಖಲಾಗಿದ್ದರೆ ನಿಮ್ಮ ದಾಖಲೆಗಳ ಪ್ರತಿ ಕೇಳುವ ಹಕ್ಕು ನಿಮಗಿದೆ. ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು ಅದೇ 2002ರ ನಿಯಮ ಹೇಳುತ್ತದೆ.

*4. ಕಾಯಬಾರದ ಹೊತ್ತು*

ಚೀಟಿ ಬರೆಯುತ್ತಾ ಕೂರಬಾರದ ಸಂದರ್ಭಗಳೂ ಇವೆ. ಎದೆಯಲ್ಲಿ ಒತ್ತಿದಂತಾಗಿ ಬೆವರು ಬಂದರೆ, ಬಾಯಿ ಓರೆಯಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ, ಉಸಿರಾಡಲು ಕಷ್ಟವಾದರೆ 108ಕ್ಕೆ ಫೋನ್ ಮಾಡಿ, ಇಲ್ಲವೇ ಸಿಕ್ಕ ವಾಹನದಲ್ಲಿ ದೊಡ್ಡ ಆಸ್ಪತ್ರೆಗೆ ಹೊರಡಿ. ರಕ್ತ ಹೆಪ್ಪುಗಟ್ಟಿ ಬಂದ ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಟ್ಟರೆ ಮಾತ್ರ ಉಪಯೋಗ. ಸೋಡಾ ಕುಡಿದು, ಎಣ್ಣೆ ಹಚ್ಚಿ, ಊರಿಗೆ ಫೋನ್ ಮಾಡಿ ಕೇಳುತ್ತಾ ಕೂತರೆ ಆ ಹೊತ್ತು ಮುಗಿದುಹೋಗುತ್ತದೆ.

*ಕೊನೆಯ ಮಾತು*

ನಾಲ್ಕು ಕಾಲುಗಳಲ್ಲಿ ವೈದ್ಯರ ಓದು ನಮ್ಮ ಕೈಯಲ್ಲಿಲ್ಲ, ಔಷಧದ ಬೆಲೆಯೂ ನಮ್ಮ ಕೈಯಲ್ಲಿಲ್ಲ. ಆದರೆ ಮನೆಯಲ್ಲಿ ಮಾಡುವ ಆರೈಕೆ ಮತ್ತು ನಾವು ರೋಗಿಯಾಗಿ ನಡೆದುಕೊಳ್ಳುವ ರೀತಿ ಎರಡೂ ನಮ್ಮವೇ. ಇವತ್ತು ಸಂಜೆ ಮನೆಯ ಹಿರಿಯರ ಪಕ್ಕ ಕೂತು ಆ ಆರು ವಿಷಯಗಳ ಚೀಟಿಯನ್ನು ಅವರ ಬಾಯಿಂದಲೇ ಕೇಳಿ ಬರೆದಿಡಿ. ಒಂದು ಬದಿ ಕನ್ನಡದಲ್ಲಿ, ಇನ್ನೊಂದು ಬದಿ ಮರಾಠಿ ಅಥವಾ ಇಂಗ್ಲಿಷಿನಲ್ಲಿ ಇರಲಿ. ಅವರ ಪರ್ಸಿನಲ್ಲೋ, ಮೊಬೈಲ್ ಕವರಿನಲ್ಲೋ ಇಡಿ. ನೀವು ಮನೆಯಲ್ಲಿಲ್ಲದ ದಿನ ಅವರ ಪರವಾಗಿ ಆ ಚೀಟಿಯೇ ಮಾತಾಡೀತು.

ಈ ಬರಹ ತಿಳಿವಳಿಕೆಗಾಗಿ ಮಾತ್ರ, ನಿಮ್ಮ ವೈದ್ಯರ ಸಲಹೆಗೆ ಬದಲಿಯಲ್ಲ. ಉಪಯೋಗವೆನಿಸಿದರೆ ನಿಮ್ಮ ಬಳಗಕ್ಕೂ ಕಳುಹಿಸಿ. ಫೋನ್ ಓದಲು ಬಾರದ ಹಿರಿಯರಿಗೆ ದಯವಿಟ್ಟು ಓದಿ ಹೇಳಿ.

ಎಲ್ಲರೂ ಹುಷಾರಾಗಿರಿ.